ಬೋರ್ಡ್ ಬದಲಾದರೆ ಮೋಟಾರು ಯಾಕೆ ನಿಲ್ಲೋದಿಲ್ಲ? ಡ್ರಿಪ್ ಕಂಟ್ರೋಲರ್ ಮಾಡೋರಿಗೆ ಬೋರ್ಡ್ ಪ್ಯಾಕೇಜ್ ಪರಿಚಯ

ಮಣ್ಣಿನ ತೇವ ನೋಡಿ ತಾನಾಗೇ ಡ್ರಿಪ್ ಚಾಲೂ ಮಾಡುವ ಕಂಟ್ರೋಲರ್ ಅನ್ನು ಸ್ವಂತವಾಗಿ ಕಟ್ಟಿಕೊಳ್ಳೋಣ ಅಂತ ಹೊರಟವರಿಗೆ ಸಾಮಾನು ಸಿಗೋದು ಈಗ ಕಷ್ಟವೇನಲ್ಲ. ತೇವಾಂಶದ ಸೆನ್ಸರ್ ಒಂದು, ರಿಲೇ ಒಂದು, ಮೈಕ್ರೋಕಂಟ್ರೋಲರ್ ಬೋರ್ಡ್ ಒಂದು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ ಸಿಗುತ್ತೆ, ಮನೇಲಿ ಕೂತು ಫೋನಲ್ಲಿ ಆರ್ಡರ್ ಮಾಡಿದರೂ ಬರುತ್ತೆ. ಕೋಡ್ ಅಂತೂ ಪ್ರತಿ ಯೂಟ್ಯೂಬ್ ವಿಡಿಯೋ ಕೆಳಗೆ ಬಿದ್ದಿರುತ್ತೆ.

ತೊಂದರೆ ಶುರುವಾಗೋದು ಆಮೇಲೆ. ವಿಡಿಯೋದಲ್ಲಿ ಇದ್ದದ್ದು ಆರ್ಡುಯಿನೋ ಯುನೋ, ನಿಮ್ಮ ಕೈಲಿರೋದು ಇಎಸ್‌ಪಿ32. ಕೋಡ್ ಕಾಪಿ ಮಾಡಿ ಹಾಕಿದರೆ ಎರಡರಲ್ಲಿ ಒಂದು ಆಗುತ್ತೆ. ಒಂದೋ ಪರದೆ ತುಂಬ ಕೆಂಪು ಅಕ್ಷರದ ಎರರ್. ಅದು ಬಂದರೆ ಒಳ್ಳೇದೇ, ಅಲ್ಲಿಗೇ ನಿಲ್ಲುತ್ತೆ, ಯಾರಿಗೂ ನಷ್ಟ ಇಲ್ಲ. ಇನ್ನೊಂದು, ಎರರ್ ಏನೂ ಬರದೆ ಕೋಡ್ ಬೋರ್ಡಿಗೆ ಏರಿಬಿಡುತ್ತೆ, ಆದರೆ ಕೆಲಸ ಮಾತ್ರ ತಪ್ಪು ಮಾಡುತ್ತೆ. ರಾತ್ರಿ ತ್ರೀ ಫೇಸ್ ಬಂದಾಗ ಶುರುವಾದ ಮೋಟಾರು ಬೆಳಗಿನ ತನಕ ನಿಲ್ಲೋದೇ ಇಲ್ಲ. ಬೋರ್‌ವೆಲ್ ಖಾಲಿ ಓಡಿ ಮೋಟಾರು ಸುಟ್ಟರೆ ಎತ್ತಿಸಿ ವೈಂಡಿಂಗ್ ಮಾಡಿಸುವ ಖರ್ಚಿನ ಮುಂದೆ ಈ ಬೋರ್ಡಿನ ಬೆಲೆ ಏನೂ ಅಲ್ಲ. ಈ ಎರಡನೇ ತರದ ಎಡವಟ್ಟು ಬಹಳ ಸಲ ಬೋರ್ಡ್ ಸಪೋರ್ಟ್ ಪ್ಯಾಕೇಜ್ ಅನ್ನೋದರ ಸುತ್ತ ಸುತ್ತುತ್ತೆ. ಹಾಗಾಗಿ ಈ ವಾರ ಅದನ್ನೇ ಬಿಡಿಸಿ ನೋಡೋಣ.

ಪ್ಯಾಕೇಜ್ ಅಂದ್ರೆ ಏನು?

ಹೊಸ ಆಳು ತೋಟಕ್ಕೆ ಬಂದ ಅಂದ್ಕೊಳ್ಳಿ. ನೀವು "ಎರಡನೇ ವಾಲ್ವ್ ತಿರುಗಿಸು" ಅಂತೀರಿ. ನಿಮ್ಮ ತೋಟದಲ್ಲಿ ಎರಡನೇ ವಾಲ್ವ್ ಅಡಿಕೆಗೆ, ಪಕ್ಕದವರ ತೋಟದಲ್ಲಿ ಬಾಳೆಗೆ. ಮಾತು ಅದೇ, ನೀರು ಹೋಗೋ ಜಾಗ ಬೇರೆ. ಯಾವ ವಾಲ್ವ್ ಎಲ್ಲಿದೆ, ಯಾವುದು ಯಾವ ಲೈನಿಗೆ ಅಂತ ಒಬ್ಬರು ತೋರಿಸಿಕೊಡಬೇಕು. ಕೋಡಿಗೂ ಬೋರ್ಡಿಗೂ ನಡುವೆ ಆ ತೋರಿಸಿಕೊಡುವ ಕೆಲಸ ಮಾಡೋದು ಬೋರ್ಡ್ ಪ್ಯಾಕೇಜ್. ಆರ್ಡುಯಿನೋ ಬಳಸೋರು ಇದನ್ನ ಕೋರ್ ಅಂತಲೂ ಕರೀತಾರೆ.

ಅದರೊಳಗೆ ಹಲವು ಸಾಮಾನು ಇರುತ್ತವೆ. ಮೊದಲನೇದು ಕಂಪೈಲರ್, ಅಂದರೆ ನೀವು ಬರೆದ ಕೋಡನ್ನು ಆ ಚಿಪ್ಪಿಗೆ ಅರ್ಥವಾಗೋ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್. ಯುನೋ ಆರ್3ರಲ್ಲಿರುವ ಚಿಪ್ಪಿನ ಭಾಷೆ ಬೇರೆ, ಇಎಸ್‌ಪಿ32ರದ್ದು ಬೇರೆ, ಆದ್ದರಿಂದ ಕಂಪೈಲರ್ ಕೂಡ ಬೇರೆ. ಆಮೇಲೆ ಪಿನ್‌ಮೋಡ್, ಡಿಜಿಟಲ್‌ರೈಟ್, ಅನಲಾಗ್‌ರೀಡ್ ಅಂತ ನಾವು ಬರೆಯುವ ಆದೇಶಗಳು ಆ ಚಿಪ್ಪಿನಲ್ಲಿ ಹೇಗೆ ನಡೀಬೇಕು ಅನ್ನೋ ವಿವರ. ಹೆಸರು ಎಲ್ಲಾ ಬೋರ್ಡಲ್ಲೂ ಒಂದೇ, ಒಳಗಿನ ಕೆಲಸ ಮಾತ್ರ ಬೋರ್ಡಿಗೆ ತಕ್ಕ ಹಾಗೆ. ಮೂರನೇದು ಪಿನ್ನುಗಳ ನಕ್ಷೆ. ಬೋರ್ಡ್ ಮೇಲೆ ಡಿ1, ಎ0 ಅಂತ ಅಚ್ಚಾಗಿರೋದು ಚಿಪ್ಪಿನ ಯಾವ ಕಾಲು ಅನ್ನೋದು ಈ ನಕ್ಷೆಯಲ್ಲಿರುತ್ತೆ. ಚಿಪ್ಪಿನ ವೇಗ ಎಷ್ಟು, ಮೆಮೊರಿ ಎಷ್ಟು ಅನ್ನೋ ಪಟ್ಟಿ, ಯುಎಸ್‌ಬಿ ಮೂಲಕ ಕೋಡ್ ಏರಿಸುವ ಸಾಧನ ಕೂಡ ಇದರಲ್ಲೇ. ಇಎಸ್‌ಪಿ ಬೋರ್ಡುಗಳಿಗಾದರೆ ವೈಫೈ ಲೈಬ್ರರಿ, ವೈಫೈ ಮೂಲಕವೇ ಹೊಸ ಕೋಡ್ ಏರಿಸುವ ಲೈಬ್ರರಿ ಎಲ್ಲ ಪ್ಯಾಕೇಜ್ ಜೊತೆಗೇ ಬರುತ್ತವೆ, ಬೇರೆ ಹುಡುಕಬೇಕಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಯುಎಸ್‌ಬಿ ಡ್ರೈವರ್ ಅನ್ನೋದು ಈ ಪ್ಯಾಕೇಜಿನ ಭಾಗ ಅಂದ್ಕೋಬೇಡಿ. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಸಿಎಚ್340 ಅಥವಾ ಸಿಪಿ2102 ಅನ್ನೋ ಸಣ್ಣ ಚಿಪ್ ಯುಎಸ್‌ಬಿ ನೋಡಿಕೊಳ್ಳುತ್ತೆ. ಅದರ ಡ್ರೈವರ್ ಲ್ಯಾಪ್‌ಟಾಪಲ್ಲಿ ಇಲ್ಲದಿದ್ದರೆ ಪೋರ್ಟ್ ಪಟ್ಟಿಯಲ್ಲಿ ಬೋರ್ಡ್ ಕಾಣಿಸೋದೇ ಇಲ್ಲ. ಪ್ಯಾಕೇಜನ್ನು ಹತ್ತು ಸಲ ತೆಗೆದು ಹಾಕಿದರೂ ಅಷ್ಟೇ. ಡ್ರೈವರ್ ಇದ್ದೂ ಕಾಣದಿದ್ದರೆ ಕೇಬಲ್ ಬದಲಾಯಿಸಿ ನೋಡಿ. ಬರೀ ಚಾರ್ಜಿಂಗಿಗೆ ಅಂತ ಮಾಡಿದ ಕೇಬಲಲ್ಲಿ ಡೇಟಾ ತಂತಿ ಇರೋದಿಲ್ಲ. ಬೋರ್ಡಿನ ಲೈಟ್ ಉರಿಯುತ್ತೆ, ಕೋಡ್ ಮಾತ್ರ ಹೋಗೋದಿಲ್ಲ.

ಹಾಕಿಕೊಳ್ಳೋದು

ಲ್ಯಾಪ್‌ಟಾಪಲ್ಲಿ ಆರ್ಡುಯಿನೋ ಐಡಿಇ ಇದ್ದರೆ ಕೆಲಸ ಸುಲಭ. ಪ್ರಿಫರೆನ್ಸಸ್ ತೆರೆದರೆ ಕೆಳಗಡೆ ಅಡಿಷನಲ್ ಬೋರ್ಡ್ಸ್ ಮ್ಯಾನೇಜರ್ ಯುಆರ್‌ಎಲ್ಸ್ ಅಂತ ಒಂದು ಖಾಲಿ ಜಾಗ ಇದೆ. ಬೋರ್ಡ್ ಚಿಪ್ ತಯಾರಿಸಿದ ಕಂಪನಿಯ ದಾಖಲೆಯಲ್ಲಿ ಕೊಟ್ಟಿರುವ ವಿಳಾಸವನ್ನು ಅಲ್ಲಿ ಅಂಟಿಸಬೇಕು. ಇಎಸ್‌ಪಿ32 ಆದರೆ ಎಸ್‌ಪ್ರೆಸಿಫ್ ಕಂಪನಿಯದ್ದು. ವಿಡಿಯೋ ಕೆಳಗಿನ ಕಾಮೆಂಟಲ್ಲಿ ಯಾರೋ ಹಾಕಿದ ವಿಳಾಸ ತಗೋಬೇಡಿ, ಏಕೆಂದರೆ ಅಲ್ಲಿಂದ ಬರೋದು ನಿಮ್ಮ ಕಂಪ್ಯೂಟರಲ್ಲಿ ಓಡುವ ಸಾಫ್ಟ್‌ವೇರ್. ಆಮೇಲೆ ಬೋರ್ಡ್ಸ್ ಮ್ಯಾನೇಜರ್‌ಗೆ ಹೋಗಿ ಬೋರ್ಡಿನ ಹೆಸರು ಹುಡುಕಿ ಇನ್‌ಸ್ಟಾಲ್ ಒತ್ತಿದರಾಯ್ತು.

ಇಎಸ್‌ಪಿ32 ಪ್ಯಾಕೇಜ್ ನೂರಾರು ಎಂಬಿ ಇರುತ್ತೆ. ಫೋನಿನ ಹಾಟ್‌ಸ್ಪಾಟಲ್ಲಿ ಇಳಿಸೋರು ಆ ದಿನದ ಡೇಟಾ ಎಷ್ಟು ಉಳಿದಿದೆ ಅಂತ ನೋಡ್ಕೊಂಡು ಶುರು ಮಾಡಿ. ಒಮ್ಮೆ ಇಳಿದ ಮೇಲೆ ಇಂಟರ್ನೆಟ್ ಇಲ್ಲದೇ ಹೊಲದಲ್ಲಿ ಕೂತು ಕೋಡ್ ಏರಿಸಬಹುದು.

ಲ್ಯಾಪ್‌ಟಾಪ್ ಇಲ್ಲದವರು ಓಟಿಜಿ ಕೇಬಲ್ ಹಾಕಿ ಆಂಡ್ರಾಯ್ಡ್ ಫೋನಿಂದಲೇ ಕೋಡ್ ಏರಿಸುವ ಆ್ಯಪ್‌ಗಳಿವೆ. ಕಲಿಯೋಕೆ ಸಾಕು. ಆದರೆ ಅಲ್ಲಿ ಪ್ಯಾಕೇಜಿನ ಆವೃತ್ತಿ ಆಯ್ಕೆ ಮಾಡಿಕೊಳ್ಳುವ ಸ್ವಾತಂತ್ರ್ಯ ಲ್ಯಾಪ್‌ಟಾಪಿನಷ್ಟು ನಿಮ್ಮ ಕೈಲಿರೋದಿಲ್ಲ. ಮೋಟಾರಿಗೆ ಜೋಡಿಸುವ ಕಂಟ್ರೋಲರ್ ಆದರೆ ಗೆಳೆಯರ ಲ್ಯಾಪ್‌ಟಾಪ್ ಒಂದು ಸಂಜೆಗೆ ಕೇಳಿ ತಗೊಳ್ಳೋದೇ ವಾಸಿ. ಆಮೇಲೆ ಸೆನ್ಸರಿನ ಲೆಕ್ಕ ನೋಡೋಕೆ ಫೋನು ಚೆನ್ನಾಗಿ ಆಗುತ್ತೆ. ಓಟಿಜಿ ಹಾಕಿ ಸೀರಿಯಲ್ ಮಾನಿಟರ್ ಆ್ಯಪ್ ತೆರೆದರೆ ಸಾಲಿನ ನಡುವೆ ನಿಂತೇ ಓದಬಹುದು.

ಸರಿಯಾದ ಹೆಸರು ಆರಿಸೋದು

ಪ್ಯಾಕೇಜ್ ಹಾಕಿದ ಮೇಲೆ ಟೂಲ್ಸ್ ಮೆನುವಿನಲ್ಲಿ ಬೋರ್ಡುಗಳ ಉದ್ದ ಪಟ್ಟಿ ಬರುತ್ತೆ. ಯಾವುದೋ ಒಂದು ಒತ್ತಿದರೆ ನಡೆಯುತ್ತೆ ಅನ್ನೋ ಹಾಗಿಲ್ಲ.

ನೋಡ್‌ಎಂಸಿಯು ಬೋರ್ಡನ್ನೇ ತಗೊಳ್ಳಿ, ಇಎಸ್‌ಪಿ8266 ಚಿಪ್ಪಿಂದು. ಪಟ್ಟಿಯಲ್ಲಿ ಜೆನೆರಿಕ್ ಇಎಸ್‌ಪಿ8266 ಮಾಡ್ಯೂಲ್ ಆರಿಸಿದರೆ ಡಿ1 ಅಂದರೆ ಏನು ಅಂತಲೇ ಗೊತ್ತಿಲ್ಲ ಅಂತ ಕಂಪೈಲರ್ ಗಲಾಟೆ ಮಾಡುತ್ತೆ. ನೋಡ್‌ಎಂಸಿಯು 1.0 ಆರಿಸಿದರೆ ಅದೇ ಕೋಡ್ ಸಲೀಸಾಗಿ ಹೋಗುತ್ತೆ, ಯಾಕಂದರೆ ಡಿ ಹೆಸರುಗಳ ನಕ್ಷೆ ಅದರಲ್ಲಿದೆ. ಎರರ್ ತಪ್ಪಿಸೋಕೆ ಅಂತ ಕೆಲವರು ಡಿ ಅಕ್ಷರ ಅಳಿಸಿ ಬರೀ ಸಂಖ್ಯೆ ಬರೀತಾರೆ. ಇದು ಅಪಾಯ. ನೋಡ್‌ಎಂಸಿಯುನಲ್ಲಿ ಡಿ5 ಅಂದರೆ ಚಿಪ್ಪಿನ 14ನೇ ಜಿಪಿಐಒ. ಕೋಡಲ್ಲಿ ಬರೀ 5 ಅಂತ ಬರೆದರೆ ಅದು ಚಿಪ್ಪಿನ 5ನೇ ಜಿಪಿಐಒ, ಬೋರ್ಡ್ ಮೇಲೆ ಅದಕ್ಕೆ ಡಿ1 ಅಂತ ಹೆಸರು. ನೀವು ಡಿ5ಕ್ಕೆ ಕಟ್ಟಿದ ರಿಲೇ ಸುಮ್ಮನಿರುತ್ತೆ, ಡಿ1ಕ್ಕೆ ಕಟ್ಟಿದ್ದು ಕುಣಿಯುತ್ತೆ. ಎರಡು ವಾಲ್ವ್ ಇರುವ ತೋಟದಲ್ಲಿ ಇದರ ಅರ್ಥ ಏನು ಅಂತ ನಾನು ಹೇಳಬೇಕಿಲ್ಲ.

ಇಎಸ್‌ಪಿ32ರಲ್ಲೂ ಹೀಗೇ. ಯುನೋದಲ್ಲಿ ಎ0 ಅಂದರೆ ಎಲ್ಲರಿಗೂ ಗೊತ್ತು. ಇಎಸ್‌ಪಿ32 ಡೆವ್ ಮಾಡ್ಯೂಲ್‌ನ ನಕ್ಷೆಯಲ್ಲಿ ಎ0 ಅಂದರೆ 36ನೇ ಜಿಪಿಐಒ, ಬೋರ್ಡ್ ಮೇಲೆ ವಿಪಿ ಅಂತ ಅಚ್ಚಾಗಿರುತ್ತೆ. ಗೊತ್ತಿಲ್ಲದವರು ಎ0 ಹುಡುಕುತ್ತಾ ಕೂರ್ತಾರೆ.

ಹೆಸರು ಒಂದೇ ಇದ್ದರೂ ಪ್ಯಾಕೇಜ್ ಬೇರೆ ಇರಬಹುದು. ಯುನೋ ಆರ್3ಗೆ ಎವಿಆರ್ ಪ್ಯಾಕೇಜ್. 2023ರಲ್ಲಿ ಬಂದ ಯುನೋ ಆರ್4ರಲ್ಲಿ ಚಿಪ್ಪೇ ರೆನೆಸಾಸ್ ಕಂಪನಿಯದ್ದು, ಅದಕ್ಕೆ ಪ್ರತ್ಯೇಕ ಪ್ಯಾಕೇಜ್. ಇನ್ನು ನ್ಯಾನೋ ನಕಲು ಬೋರ್ಡ್ ತಗೊಂಡವರು ಕೋಡ್ ಏರಿಸುವಾಗ ಸಿಂಕ್ ಆಗ್ತಿಲ್ಲ ಅನ್ನೋ ಎರರ್ ನೋಡಿ ಬೋರ್ಡ್ ಕೆಟ್ಟಿದೆ ಅಂತ ಎಸೆಯೋಕೆ ಹೋಗ್ಬೇಡಿ. ಟೂಲ್ಸ್‌ನಲ್ಲಿ ಪ್ರೊಸೆಸರ್ ಅನ್ನೋ ಕಡೆ ಓಲ್ಡ್ ಬೂಟ್‌ಲೋಡರ್ ಆರಿಸಿ ಒಮ್ಮೆ ನೋಡಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತೆ.

ಮೋಟಾರು ನಿಲ್ಲದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೆಪಾಸಿಟಿವ್ ತೇವಾಂಶ ಸೆನ್ಸರ್ ಮಣ್ಣು ಒಣಗಿದಷ್ಟೂ ಹೆಚ್ಚು ವೋಲ್ಟ್ ಕೊಡುತ್ತೆ, ಒದ್ದೆಯಾದಷ್ಟೂ ಕಡಿಮೆ. ನಿಮ್ಮ ಸೆನ್ಸರ್ ಪೂರ್ತಿ ಒದ್ದೆಯಲ್ಲಿ 1.2 ವೋಲ್ಟ್, ಪೂರ್ತಿ ಒಣಗಿದಾಗ 3 ವೋಲ್ಟ್ ಕೊಡ್ತಿದೆ ಅಂತ ಇಟ್ಕೊಳ್ಳೋಣ.

ಯುನೋ 5 ವೋಲ್ಟನ್ನು 0ಯಿಂದ 1023ರ ತನಕ ಅಳೆಯುತ್ತೆ. ಅಂದರೆ ಒದ್ದೆ ಮಣ್ಣು ಸುಮಾರು 245, ಒಣಮಣ್ಣು ಸುಮಾರು 614. ವಿಡಿಯೋದವರು ನಡುವಿನ 450 ಹಿಡಿದು, "450ಕ್ಕಿಂತ ಹೆಚ್ಚಾದರೆ ಮೋಟಾರು ಹಾಕು, ಕಡಿಮೆಯಾದರೆ ಆರಿಸು" ಅಂತ ಬರೆದಿರ್ತಾರೆ. ಅವರ ಬೋರ್ಡಿಗೆ ಸರಿ.

ಇಎಸ್‌ಪಿ32 ಅಳೆಯೋದು 3.3 ವೋಲ್ಟಿನ ಆಸುಪಾಸು, ಅದೂ 0ಯಿಂದ 4095ರ ತನಕ. ಅದೇ ಒದ್ದೆ ಮಣ್ಣಿನ 1.2 ವೋಲ್ಟ್ ಇಲ್ಲಿ ಲೆಕ್ಕದ ಪ್ರಕಾರ ಸುಮಾರು 1490. ಒಣಮಣ್ಣು 3700ರ ಮೇಲೆ. ನೋಡಿ, ಗದ್ದೆ ಕೆಸರಾದರೂ ಓದು 450ಕ್ಕಿಂತ ಕೆಳಗೆ ಬರೋದೇ ಇಲ್ಲ. ಕೋಡಿನ ಪ್ರಕಾರ ನಿಮ್ಮ ಹೊಲ ವರ್ಷಪೂರ್ತಿ ಬರಗಾಲ! ಮೋಟಾರು ನಿಲ್ಲೋದು ಕರೆಂಟ್ ಹೋದಾಗ ಮಾತ್ರ. ಎರರ್ ಎಲ್ಲೂ ಬರಲಿಲ್ಲ, ಯಾಕಂದರೆ ಅನಲಾಗ್‌ರೀಡ್ ಅನ್ನೋ ಆದೇಶ ಎರಡು ಪ್ಯಾಕೇಜಲ್ಲೂ ಇದೆ.

ಇದಕ್ಕೆ ಕೆಲವರು ಅನಲಾಗ್‌ರೀಡ್‌ರೆಸಲ್ಯೂಷನ್ 10 ಅಂತ ಒಂದು ಸಾಲು ಸೇರಿಸಿ ಅಂತಾರೆ. ಸೇರಿಸಿದರೆ ಇಎಸ್‌ಪಿ32 ಕೂಡ 1023ರ ತನಕವೇ ಎಣಿಸುತ್ತೆ ನಿಜ, ಆದರೆ ವಾಸಿಯಾಗೋದು ಅರ್ಧ ರೋಗ. ಸೆನ್ಸರ್ 1.6 ವೋಲ್ಟ್ ಕೊಟ್ಟಾಗ ಯುನೋದಲ್ಲಿ 327, ಅಂದರೆ ತೇವ ಸಾಕು. ಇಎಸ್‌ಪಿ32ರಲ್ಲಿ 5ರ ಬದಲು 3.3ರಿಂದ ಭಾಗಿಸೋದರಿಂದ 496, ಅಂದರೆ ಒಣಗಿದೆ, ಮೋಟಾರು ಹಾಕು. ಮೇಲಾಗಿ ಇಎಸ್‌ಪಿ32 ಅಳತೆ ಎರಡು ತುದಿಯಲ್ಲೂ ಅಷ್ಟು ನೇರವಾಗಿಲ್ಲ. ಬೇರೆಯವರ ಸಂಖ್ಯೆ ಬಿಟ್ಟುಬಿಡಿ. ನಿಮ್ಮದೇ ಬೋರ್ಡು, ನಿಮ್ಮದೇ ಸೆನ್ಸರು, ನಿಮ್ಮದೇ ಮಣ್ಣು ಇಟ್ಟುಕೊಂಡು ಅಳೆಯಿರಿ. ಒಂದು ಡಬ್ಬಿಯಲ್ಲಿ ಬಿಸಿಲಿಗೆ ಒಣಗಿಸಿದ ಮಣ್ಣು. ಇನ್ನೊಂದರಲ್ಲಿ ನೀರು ತುಂಬಿಸಿ, ತಳದ ತೂತಿನಿಂದ ಹೆಚ್ಚಿನ ನೀರೆಲ್ಲ ಬಸಿದು ಹೋದ ಮಣ್ಣು. ಎರಡರಲ್ಲೂ ಹತ್ತು ಹತ್ತು ಓದು ಬರೆದುಕೊಳ್ಳಿ. ಕಪ್ಪು ಮಣ್ಣು, ಕೆಂಪು ಮಣ್ಣು ಎರಡೂ ಇರೋ ಜಮೀನಾದರೆ ಎರಡಕ್ಕೂ ಬೇರೆ ಬೇರೆ ಮಾಡಬೇಕು.

ಸೆನ್ಸರ್ ತಂತಿ ಯಾವ ಪಿನ್ನಿಗೆ ಅನ್ನೋದೂ ಮುಖ್ಯ. ಇಎಸ್‌ಪಿ32ರಲ್ಲಿ 32ರಿಂದ 39ರ ವರೆಗಿನ ಗುಂಪಿನಲ್ಲೇ ಸೆನ್ಸರ್ ಕಟ್ಟಿ. 4, 25, 26, 27 ಮುಂತಾದ ಎರಡನೇ ಗುಂಪಿನ ಪಿನ್ನುಗಳಲ್ಲಿ ವೈಫೈ ಚಾಲೂ ಆದ ಮೇಲೆ ಅನಲಾಗ್ ಓದು ಸರಿಯಾಗಿ ಸಿಗೋದಿಲ್ಲ. ಮನೇಲಿ ವೈಫೈ ಇಲ್ಲದೆ ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇರುತ್ತೆ, ಫೋನಿಗೆ ಸಂದೇಶ ಬರಲಿ ಅಂತ ವೈಫೈ ಸೇರಿಸಿದ ದಿನ ಕೈ ಕೊಡುತ್ತೆ. ನೋಡ್‌ಎಂಸಿಯುನಲ್ಲಿ ಅನಲಾಗ್ ಪಿನ್ ಇರೋದೇ ಒಂದು, ಎರಡು ಸೆನ್ಸರ್ ಬೇಕಾದವರು ಅದನ್ನ ತಗೋಬೇಡಿ.

ರಿಲೇಗೆ ಯಾವ ಪಿನ್ನು?

ಸೆನ್ಸರಿಗೆ ಒಳ್ಳೇದಾದ 34ರಿಂದ 39ರ ಪಿನ್ನುಗಳು ರಿಲೇಗೆ ಆಗೋದಿಲ್ಲ, ಅವು ಓದೋಕೆ ಮಾತ್ರ. 6ರಿಂದ 11 ಒಳಗಿನ ಫ್ಲಾಶ್ ಮೆಮೊರಿಗೆ ಮೀಸಲು, ಮುಟ್ಟಬಾರದು. 12ನೇದು ಬೋರ್ಡ್ ಏಳುವಾಗ ಮೇಲಿನ ವೋಲ್ಟಲ್ಲಿದ್ದರೆ ಫ್ಲಾಶ್‌ನ ವೋಲ್ಟೇಜ್ ತಪ್ಪಾಗಿ ಬೋರ್ಡ್ ಏಳೋದೇ ಇಲ್ಲ. ರಿಲೇಗೆ 25, 26, 27 ಚೆನ್ನಾಗಿವೆ. ನೋಡ್‌ಎಂಸಿಯುನಲ್ಲಿ ಡಿ1, ಡಿ2 ಬಳಸಿ. ಡಿ3, ಡಿ4, ಡಿ8 ಬೇಡ, ಬೋರ್ಡ್ ಏಳುವಾಗ ಹೇಗೆ ಏಳಬೇಕು ಅಂತ ನಿರ್ಧಾರ ಮಾಡುವ ಪಿನ್ನುಗಳು ಅವು.

ಕರೆಂಟ್ ಹೋಗಿ ಬಂದಾಗೆಲ್ಲ ಬೋರ್ಡ್ ಹೊಸದಾಗಿ ಏಳುತ್ತೆ. ನಮ್ಮ ಹಳ್ಳಿ ಕಡೆ ಇದು ದಿನಕ್ಕೆ ಎಷ್ಟು ಸಲ ಅನ್ನೋದು ನಿಮಗೇ ಗೊತ್ತು. ನಿಮ್ಮ ಕೋಡ್ ಶುರುವಾಗುವ ಮುಂಚಿನ ಆ ಒಂದು ಕ್ಷಣ ಪಿನ್ನುಗಳಿಗೆ ಯಜಮಾನ ಇರೋದಿಲ್ಲ, ಆಗ ರಿಲೇ ಒಮ್ಮೆ ಟಕ್ ಅನ್ನಬಹುದು. ಸ್ಟಾರ್ಟರಿನ ಹಸಿರು ಬಟನ್ ಜಾಗಕ್ಕೆ ರಿಲೇ ಕೊಟ್ಟಿದ್ದರೆ ಆ ಒಂದು ಟಕ್ ಸಾಕು, ಮೋಟಾರು ಹಿಡಿದುಕೊಂಡು ಓಡುತ್ತೆ. ಹಾಗಾಗಿ ಪಿನ್ ಮೇಲಕ್ಕೆ ಹೋದಾಗ ಮಾತ್ರ ಕೆಲಸ ಮಾಡುವ ಹೈ ಟ್ರಿಗರ್ ರಿಲೇ ತಗೊಂಡು, ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕೋದು ಒಳ್ಳೆಯ ಪದ್ಧತಿ.

ಅಪ್‌ಡೇಟ್ ಒತ್ತೋ ಮುಂಚೆ

ಐಡಿಇ ತೆರೆದಾಗ ಮೂಲೆಯಲ್ಲಿ "ನಿಮ್ಮ ಬೋರ್ಡುಗಳಿಗೆ ಅಪ್‌ಡೇಟ್ ಇದೆ" ಅಂತ ಒಂದು ಚೀಟಿ ಏಳುತ್ತೆ. ಫೋನಲ್ಲಿ ಆ್ಯಪ್ ಅಪ್‌ಡೇಟ್ ಮಾಡಿ ಅಭ್ಯಾಸ ಇರೋರು ಯೋಚನೆ ಮಾಡದೆ ಒತ್ತಿಬಿಡ್ತಾರೆ. ಪ್ಯಾಕೇಜ್ ವಿಷಯದಲ್ಲಿ ಹಾಗೆ ಒತ್ತಬಾರದು ಅನ್ನೋದು ನನ್ನ ಅಭಿಪ್ರಾಯ.

2024ರಲ್ಲಿ ಇಎಸ್‌ಪಿ32 ಪ್ಯಾಕೇಜ್ 2ರ ಸಾಲಿನಿಂದ 3.0ಗೆ ಬಂತು. ಫ್ಯಾನ್ ವೇಗ, ಎಲ್‌ಇಡಿ ಬೆಳಕು ಹೆಚ್ಚು ಕಡಿಮೆ ಮಾಡೋಕೆ ಬಳಸುತ್ತಿದ್ದ ಎಲ್‌ಇಡಿಸಿ ಸೆಟಪ್ ಮತ್ತು ಅಟ್ಯಾಚ್‌ಪಿನ್ ಆದೇಶಗಳು ಹೋಗಿ, ಎರಡರ ಬದಲು ಒಂದೇ ಆದೇಶ ಬಂತು. ಟೈಮರ್ ಆದೇಶಗಳನ್ನು ಬರೆಯುವ ರೀತಿಯೂ ಬದಲಾಯ್ತು. ಹಳೆಯ ಕೋಡ್ ಹೊಸ ಪ್ಯಾಕೇಜಲ್ಲಿ ಕಂಪೈಲ್ ಆಗೋದಿಲ್ಲ. ಕೋಳಿ ಫಾರಂ ಫ್ಯಾನಿನ ಕೋಡ್ ಎರಡು ವರ್ಷ ಹಿಂದೆ ಸರಿಯಿತ್ತು, ಈಗ ಯಾಕೆ ಎರರ್ ಅಂತ ತಲೆ ಕೆಡಿಸಿಕೊಂಡವರು ಮೊದಲು ಇಲ್ಲೇ ನೋಡಬೇಕು. ಲೈಬ್ರರಿಗಳದ್ದೂ ಇದೇ ಕತೆ. ಲೈಬ್ರರಿ ಹಳೇದು, ಪ್ಯಾಕೇಜ್ ಹೊಸದು ಆದರೆ ಎತ್ತು ಏರಿಗೆ, ಕೋಣ ನೀರಿಗೆ.

ಎರರ್ ಕೊಡದೆ ಬದಲಾದದ್ದೂ ಇದೆ. ಪಿನ್ ಕೆಳಗೆ ಹೋದಾಗ ಎಳೆಯುವ ಲೋ ಟ್ರಿಗರ್ ರಿಲೇ ಬಳಸೋರು ಟಕ್ ತಪ್ಪಿಸೋಕೆ ಮೊದಲು ಡಿಜಿಟಲ್‌ರೈಟ್ ಹೈ, ಆಮೇಲೆ ಪಿನ್‌ಮೋಡ್ ಔಟ್‌ಪುಟ್ ಅಂತ ಬರೆಯೋದು ಹಳೆಯ ಉಪಾಯ. ಯುನೋದಲ್ಲಿ ಅದು ಈಗಲೂ ನಡೆಯುತ್ತೆ. ಇಎಸ್‌ಪಿ32ರ 3.0 ಪ್ಯಾಕೇಜಲ್ಲಿ ಪಿನ್‌ಮೋಡ್ ಹೇಳುವ ಮುಂಚೆ ಬರೆದ ಡಿಜಿಟಲ್‌ರೈಟ್ ಲೆಕ್ಕಕ್ಕೇ ಬರೋದಿಲ್ಲ. ಕೋಡ್ ಕಂಪೈಲ್ ಆಗುತ್ತೆ, ಏರುತ್ತೆ, ಹೈ ಅಂತ ಬರೆದದ್ದು ಮಾತ್ರ ಗಾಳಿಗೆ ಹೋಗುತ್ತೆ. ಮೇಲೆ ಹೇಳಿದ ರೆಸಿಸ್ಟರ್ ಪದ್ಧತಿ ಒಳ್ಳೇದು ಅಂದದ್ದು ಅದಕ್ಕೇ, ಪ್ಯಾಕೇಜ್ ಯಾವುದೇ ಇರಲಿ ಅದು ಕೆಲಸ ಮಾಡುತ್ತೆ.

ಬೋರ್ಡ್ಸ್ ಮ್ಯಾನೇಜರ್‌ನಲ್ಲಿ ಪ್ಯಾಕೇಜ್ ಹೆಸರಿನ ಜೊತೆ ಆವೃತ್ತಿಗಳ ಪಟ್ಟಿ ಇರುತ್ತೆ. ಹಳೆಯದನ್ನು ಆರಿಸಿ ಇನ್‌ಸ್ಟಾಲ್ ಒತ್ತಿದರೆ ಹಿಂದಕ್ಕೆ ಹೋಗಬಹುದು. ಹೊಲದಲ್ಲಿ ಓಡ್ತಿರೋ ಕಂಟ್ರೋಲರ್ ಯಾವ ಆವೃತ್ತಿಯಲ್ಲಿ ಮಾಡಿದ್ದೋ ಅದರಲ್ಲೇ ಬಿಡಿ. ಬೆಳೆ ಮುಗಿದು ಮೋಟಾರಿಗೆ ಬಿಡುವು ಇರುವಾಗ, ಇನ್ನೊಂದು ಬೋರ್ಡಲ್ಲಿ ಹೊಸದನ್ನು ಪರೀಕ್ಷೆ ಮಾಡಿ. ರಿಲೇಗೆ ಮೋಟಾರಿನ ಬದಲು ಬ್ಯಾಟರಿಯ ಸಣ್ಣ ಬಲ್ಬ್ ಹಾಕಿ ಎರಡು ದಿನ ಓಡಿಸಿ. ನಡುನಡುವೆ ಕರೆಂಟ್ ತೆಗೆದು ಹಾಕಿ, ಸೆನ್ಸರ್ ತಂತಿ ಕಿತ್ತು ನೋಡಿ. ತಂತಿ ಕಿತ್ತಾಗ ಬಲ್ಬ್ ಉರಿಯುತ್ತಲೇ ಇದ್ದರೆ ಆ ಕೋಡ್ ಇನ್ನೂ ಹೊಲಕ್ಕೆ ಹೋಗೋ ಹಾಗಿಲ್ಲ.

ಕೋಡಲ್ಲಿ ಇನ್ನೊಂದು ಬೇಲಿ ಹಾಕಿ. ಸೆನ್ಸರ್ ಏನೇ ಹೇಳಲಿ, ಇಷ್ಟು ನಿಮಿಷ ಆದ ಮೇಲೆ ಮೋಟಾರು ನಿಲ್ಲಲೇಬೇಕು. ನಿಮ್ಮ ಒಂದು ಸರದಿಗೆ 40 ನಿಮಿಷ ನೀರು ಸಾಕಾದರೆ 50ಕ್ಕೆ ಕಟ್ ಆಗಲಿ. ಇದರ ಜೊತೆಗೆ ಪ್ಯಾನಲ್‌ನಲ್ಲಿ ಡ್ರೈ ರನ್ ತಡೆಯುವ ಸಾಧನ ಪ್ರತ್ಯೇಕವಾಗಿ ಇರಲೇಬೇಕು. ಕೈಗೆ ಸಿಗುವ ನೀಲಿ ಬಣ್ಣದ ಸಣ್ಣ ರಿಲೇ ಮೂಲಕ ಮೋಟಾರಿನ ಕರೆಂಟನ್ನು ನೇರವಾಗಿ ಹಾಯಿಸೋ ಧೈರ್ಯ ಮಾತ್ರ ಯಾರೂ ಮಾಡಬೇಡಿ. ಅದು ಸ್ಟಾರ್ಟರಿನ ಕಾಯಿಲ್ ಲೈನಿಗೆ ಮಾತ್ರ, ಆ ಜೋಡಣೆಯನ್ನೂ ತ್ರೀ ಫೇಸ್ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲೇ, ಮೇನ್ ಇಳಿಸಿ ಮಾಡಿಸಿ.

ಎಲ್ಲ ಸರಿ ಓಡಿದ ದಿನ ಐಡಿಇಯಲ್ಲಿ ಬೋರ್ಡಿನ ಹೆಸರು, ಪ್ಯಾಕೇಜಿನ ಆವೃತ್ತಿ ಕಾಣೋ ಹಾಗೆ ಪರದೆಯ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಕೋಡಿನ ಫೈಲನ್ನೂ ನಿಮಗೆ ನೀವೇ ವಾಟ್ಸ್ಆ್ಯಪ್ ಮಾಡ್ಕೊಳ್ಳಿ. ಒಂದು ಚೀಟಿಯಲ್ಲಿ ಯಾವ ಪಿನ್ನಿಗೆ ಯಾವ ತಂತಿ, ಒಣಮಣ್ಣಿನ ಓದು ಎಷ್ಟು, ಒದ್ದೆ ಮಣ್ಣಿನದು ಎಷ್ಟು ಅಂತ ಬರೆದು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿ. ಬಾಲ್‌ಪೆನ್ ಬಿಸಿಲಿಗೆ ಮಾಸಿ ಹೋಗುತ್ತೆ, ಪೆನ್ಸಿಲಲ್ಲಿ ಬರೆದು ಮೇಲೆ ಅಗಲ ಟೇಪ್ ಹಾಕಿ.